ನಿದಾನವೂ ಚಿಕಿತ್ಸೆಯೂ: ಆನುವಂಶಿಕ ರೋಗಗಳಲ್ಲಿ ಜೀನು ಚಿಕಿತ್ಸೆಯ ಇತಿಹಾಸದ ಒಂದು ಅವಲೋಕನ

೧

ನಮ್ಮ ದೇಶದ ಪ್ರಾಚೀನ ವೈದ್ಯಗ್ರಂಥಗಳಲ್ಲಿ ನಿದಾನಸ್ಥಾನ, ಚಿಕಿತ್ಸಾಸ್ಥಾನ ಎಂಬ ವಿಭಾಗಗಳು ಬೇರೆ ಬೇರೆಯಾಗಿಯೇ ಇವೆ. ರೋಗದ ಕಾರಣವನ್ನು ಅರಿಯುವುದು ಒಂದು ಶಾಸ್ತ್ರ, ರೋಗವನ್ನು ಪರಿಹರಿಸುವುದು ಇನ್ನೊಂದು ಶಾಸ್ತ್ರ ಎಂಬ ವಿವೇಕ ಆ ವಿಭಾಗಕ್ರಮದಲ್ಲಿ ಅಡಗಿದೆ. ಆದರೂ ಕಾರಣ ತಿಳಿದರೆ ಪರಿಹಾರ ತಾನಾಗಿಯೇ ಒದಗಿಬರುತ್ತದೆ ಎಂಬ ಭಾವನೆ ಜನರಲ್ಲಿ ಮಾತ್ರವಲ್ಲ, ವಿದ್ವಾಂಸರಲ್ಲಿಯೂ ಆಗಾಗ ತಲೆದೋರುವುದುಂಟು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹುಟ್ಟಿ ಬೆಳೆದ ಜೀನು ಚಿಕಿತ್ಸೆಯ ಇತಿಹಾಸವು ಈ ಭಾವನೆಯನ್ನು ಪರೀಕ್ಷಿಸಲು ಅತ್ಯಂತ ಯೋಗ್ಯವಾದ ಕ್ಷೇತ್ರವೆಂದು ನಮಗೆ ತೋರುತ್ತದೆ.

ವಂಶವಾಹಿ ಎಂದೂ ಕರೆಯಲ್ಪಡುವ ಜೀನು ದೋಷಯುಕ್ತವಾದಾಗ ಹುಟ್ಟುವ ರೋಗಗಳು ಅನೇಕ. ಅವೆಲ್ಲವನ್ನೂ ಇಲ್ಲಿ ವಿವರಿಸುವುದು ನಮ್ಮ ಉದ್ದೇಶವಲ್ಲ. ಶ್ವಾಸಕೋಶವನ್ನು ಬಾಧಿಸುವ ಕೆಲವು ರೋಗಗಳನ್ನೂ, ಆಹಾರವು ದೇಹದಲ್ಲಿ ಪರಿವರ್ತನೆ ಹೊಂದುವ ಕ್ರಿಯೆಯನ್ನು, ಅಂದರೆ ಚಯಾಪಚಯವನ್ನು, ಕೆಡಿಸುವ ಕೆಲವು ರೋಗಗಳನ್ನೂ ಮಾತ್ರ ಆಯ್ದುಕೊಂಡು, ಅವುಗಳಿಗೆ ಜೀನಿನ ಮೂಲಕವೇ ಚಿಕಿತ್ಸೆ ಮಾಡುವ ಪ್ರಯತ್ನಗಳು ಹೇಗೆ ನಡೆದುವು, ಎಲ್ಲಿ ಎಡವಿದುವು, ಎಲ್ಲಿ ಫಲಿಸಿದುವು ಎಂಬುದನ್ನು ಕಾಲಾನುಕ್ರಮವಾಗಿ ನೋಡೋಣ. ಈ ಇತಿಹಾಸದಲ್ಲಿ ಮೂರು ಪ್ರಶ್ನೆಗಳು ಮತ್ತೆ ಮತ್ತೆ ಎದುರಾಗುತ್ತವೆ. ಸರಿಯಾದ ಜೀನನ್ನು ಸರಿಯಾದ ಜೀವಕೋಶಕ್ಕೆ ಮುಟ್ಟಿಸುವ ವಾಹಕ ಯಾವುದು? ಪ್ರಯೋಗಕ್ಕೆ ತನ್ನ ದೇಹವನ್ನು ಒಪ್ಪಿಸುವ ರೋಗಿಗೆ ತಿಳಿಸಬೇಕಾದುದೆಷ್ಟು? ಫಲಿಸಿದ ಚಿಕಿತ್ಸೆ ಯಾರ ಕೈಗೆ ಎಟುಕುತ್ತದೆ?

೨

ಈ ಕಥೆಯ ಆರಂಭವನ್ನು ಇಂಗ್ಲೆಂಡಿನ ವೈದ್ಯ ಆರ್ಚಿಬಾಲ್ಡ್ ಗ್ಯಾರಡ್ ಅವರಿಂದ ಗುರುತಿಸುವುದು ವಾಡಿಕೆ. ಅಲ್ಕಾಪ್ಟೊನ್ಯೂರಿಯಾ ಎಂಬ ವಿರಳ ಸ್ಥಿತಿಯಲ್ಲಿ ರೋಗಿಯ ಮೂತ್ರವು ಗಾಳಿಗೆ ತೆರೆದಿಟ್ಟಾಗ ಕಪ್ಪಾಗುತ್ತದೆ. ೧೯೦೨ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಗ್ಯಾರಡ್ ಈ ಸ್ಥಿತಿಯುಳ್ಳವರ ತಂದೆತಾಯಿಗಳು ಅನೇಕ ಕುಟುಂಬಗಳಲ್ಲಿ ರಕ್ತಸಂಬಂಧಿಗಳೇ ಆಗಿದ್ದುದನ್ನು ಎತ್ತಿತೋರಿಸಿ, ಆಗತಾನೇ ಮತ್ತೆ ಬೆಳಕಿಗೆ ಬಂದಿದ್ದ ಮೆಂಡೆಲನ ನಿಯಮಗಳಿಂದ ಇದನ್ನು ವಿವರಿಸಬಹುದೆಂದು ಸೂಚಿಸಿದರು. ೧೯೦೮ರ ಕ್ರೂನಿಯನ್ ಉಪನ್ಯಾಸಗಳಲ್ಲಿ ಅವರು ಇಂಥ ಸ್ಥಿತಿಗಳನ್ನು ಹುಟ್ಟಿನಿಂದಲೇ ಬಂದ ಚಯಾಪಚಯದ ದೋಷಗಳು ಎಂದು ಕರೆದು, ದೇಹದಲ್ಲಿ ನಡೆಯುವ ರಾಸಾಯನಿಕ ಕ್ರಿಯೆಗಳ ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿಹೋಗಿರುವುದೇ ಇವುಗಳ ಮೂಲವೆಂದು ವಾದಿಸಿದರು. ಸಮಕಾಲೀನರು ಇದಕ್ಕೆ ಹೆಚ್ಚಿನ ಗಮನ ಕೊಡಲಿಲ್ಲ. ೧೯೪೧ರಲ್ಲಿ ಬೀಡ್ಲ್ ಮತ್ತು ಟೇಟಮ್ ಅವರು ಬೂಷ್ಟಿನ ಮೇಲೆ ನಡೆಸಿದ ಪ್ರಯೋಗಗಳಿಂದ ಜೀನಿಗೂ ಕಿಣ್ವಕ್ಕೂ ಇರುವ ಸಂಬಂಧ ಸ್ಥಾಪಿತವಾದ ಮೇಲೆಯೇ ಗ್ಯಾರಡ್ ಅವರ ದೂರದೃಷ್ಟಿ ಜಗತ್ತಿಗೆ ಅರಿವಾಯಿತು.

ಈ ನಡುವೆ ಜೀನನ್ನು ಮುಟ್ಟದೆಯೇ ರೋಗವನ್ನು ಹತೋಟಿಯಲ್ಲಿಡುವ ಒಂದು ಮಾರ್ಗವೂ ತೆರೆದಿತ್ತು. ೧೯೩೪ರಲ್ಲಿ ನಾರ್ವೆಯ ಆಸ್ಬ್ಯೋರ್ನ್ ಫೋಲಿಂಗ್ ಅವರು ಬುದ್ಧಿಮಾಂದ್ಯವುಳ್ಳ ಇಬ್ಬರು ಒಡಹುಟ್ಟಿದ ಮಕ್ಕಳ ಮೂತ್ರವನ್ನು ಪರೀಕ್ಷಿಸಿ ಫಿನೈಲ್‌ಕೀಟೊನ್ಯೂರಿಯಾ ಎಂಬ ರೋಗವನ್ನು ಗುರುತಿಸಿದರು. ೧೯೫೩ರಲ್ಲಿ ಹಾರ್ಸ್ಟ್ ಬಿಕೆಲ್ ಮತ್ತು ಅವರ ಸಹೋದ್ಯೋಗಿಗಳು ಬರ್ಮಿಂಗ್‌ಹ್ಯಾಮಿನಲ್ಲಿ ಫಿನೈಲ್‌ಅಲನೀನ್ ಎಂಬ ಅಮೈನೋ ಆಮ್ಲವು ಅತ್ಯಲ್ಪವಾಗಿರುವ ಆಹಾರವನ್ನು ಇಂಥ ಮಗುವಿಗೆ ಕೊಟ್ಟು ಸುಧಾರಣೆಯನ್ನು ಕಂಡರು. ಅರವತ್ತರ ದಶಕದ ಆರಂಭದಲ್ಲಿ ರಾಬರ್ಟ್ ಗಥ್ರಿ ಅವರು ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತದಲ್ಲಿಯೇ ಈ ರೋಗವನ್ನು ಪತ್ತೆಮಾಡುವ ಸುಲಭ ವಿಧಾನವನ್ನು ರೂಢಿಗೆ ತಂದರು. ಮೂಲದೋಷ ಹಾಗೆಯೇ ಉಳಿದಿದ್ದರೂ ಕಾಲದಲ್ಲಿ ರೋಗವನ್ನು ಗುರುತಿಸಿ ಪಥ್ಯವನ್ನು ಪಾಲಿಸಿದರೆ ಮಗುವಿನ ಬುದ್ಧಿಶಕ್ತಿಯನ್ನು ಕಾಪಾಡಬಹುದೆಂಬುದು ಇದರಿಂದ ಸಿದ್ಧವಾಯಿತು. ಮುಂದೆ ಜೀನು ಚಿಕಿತ್ಸೆಯ ಸಾಧನೆಯನ್ನು ಅಳೆಯುವಾಗ ಈ ಸರಳವಾದ ಯಶಸ್ಸನ್ನು ನಾವು ಮರೆಯಬಾರದು.

೩

ದೇಹದಲ್ಲಿ ಪ್ರೋಟೀನು ಒಡೆದಾಗ ಹುಟ್ಟುವ ಅಮೋನಿಯಾ ಮಿದುಳಿಗೆ ವಿಷ. ಯಕೃತ್ತು ಅದನ್ನು ಯೂರಿಯಾ ಎಂಬ ನಿರಪಾಯಕರ ವಸ್ತುವಾಗಿ ಮಾರ್ಪಡಿಸಿ ಮೂತ್ರದ ಮೂಲಕ ಹೊರಗೆ ಕಳುಹಿಸುತ್ತದೆ. ಈ ಕ್ರಿಯೆಯು ಒಂದು ಚಕ್ರದಂತೆ ನಡೆಯುತ್ತದೆಂಬುದನ್ನು ೧೯೩೨ರಲ್ಲಿ ಜರ್ಮನಿಯಲ್ಲಿ ಹ್ಯಾನ್ಸ್ ಕ್ರೆಬ್ಸ್ ಮತ್ತು ಕುರ್ಟ್ ಹೆನ್ಸಲೈಟ್ ಅವರು ಕಂಡುಹಿಡಿದರು. ಚಕ್ರದ ಒಂದೊಂದು ಹೆಜ್ಜೆಗೂ ಒಂದೊಂದು ಕಿಣ್ವ ಬೇಕು. ಆ ಕಿಣ್ವಗಳಲ್ಲಿ ಯಾವುದೊಂದು ಕೊರತೆಯಾದರೂ ಚಕ್ರ ಕುಂಠಿತವಾಗುತ್ತದೆ. ಜೀನು ಚಿಕಿತ್ಸೆಯ ಇತಿಹಾಸದ ಮೂರು ಮುಖ್ಯ ಘಟನೆಗಳು ಈ ಒಂದೇ ಚಕ್ರದ ಸುತ್ತ ನಡೆದಿರುವುದು ಗಮನಾರ್ಹವಾಗಿದೆ. ಮೊದಲನೆಯದು ಚಕ್ರದ ಕೊನೆಯ ಹೆಜ್ಜೆಗೆ, ಎರಡನೆಯದು ಎರಡನೆಯ ಹೆಜ್ಜೆಗೆ, ಮೂರನೆಯದು ಮೊದಲ ಹೆಜ್ಜೆಗೆ ಸಂಬಂಧಪಟ್ಟುದು.

ಕೊನೆಯ ಹೆಜ್ಜೆಯ ಕಿಣ್ವ ಅರ್ಜಿನೇಸ್. ಅಮೆರಿಕಾದ ಓಕ್ ರಿಜ್ ಪ್ರಯೋಗಶಾಲೆಯಲ್ಲಿದ್ದ ಸ್ಟ್ಯಾನ್‌ಫೀಲ್ಡ್ ರೋಜರ್ಸ್ ಅವರು ಮೊಲಗಳಲ್ಲಿ ಗಂಟುಗಳನ್ನು ಹುಟ್ಟಿಸುವ ಶೋಪ್ ವೈರಸ್ಸಿನ ಮೇಲೆ ಸಂಶೋಧನೆ ನಡೆಸುತ್ತಿದ್ದರು. ಆ ವೈರಸ್ಸಿನೊಡನೆ ಕೆಲಸಮಾಡಿದವರ ರಕ್ತದಲ್ಲಿ ಅರ್ಜಿನೀನ್ ಎಂಬ ಅಮೈನೋ ಆಮ್ಲದ ಪ್ರಮಾಣ ಕಡಮೆಯಾಗಿರುವುದನ್ನು ಕಂಡು, ವೈರಸ್ಸು ತನ್ನೊಡನೆ ಅರ್ಜಿನೇಸ್ ಜೀನನ್ನು ಹೊತ್ತು ತರುತ್ತದೆಂದು ಅವರು ೧೯೬೬ರಲ್ಲಿ ಊಹಿಸಿದರು. ಕೆಲವೇ ವರ್ಷಗಳಲ್ಲಿ ಜರ್ಮನಿಯ ವೈದ್ಯ ಟೆರ್ಹೆಗ್ಗೆನ್ ಅವರು ಅರ್ಜಿನೇಸ್ ಕೊರತೆಯಿಂದ ನರಳುತ್ತಿದ್ದ ಇಬ್ಬರು ಸೋದರಿಯರನ್ನು ವರದಿಮಾಡಿದರು. ಎಪ್ಪತ್ತರ ದಶಕದ ಮೊದಲಲ್ಲಿ ಆ ಬಾಲಿಕೆಯರಿಗೂ, ಅನಂತರ ಅವರ ಕಿರಿಯ ಸೋದರಿಗೂ ಶೋಪ್ ವೈರಸ್ಸನ್ನು ಚುಚ್ಚಲಾಯಿತು. ರಕ್ತದ ಅರ್ಜಿನೀನ್ ಇಳಿಯಲಿಲ್ಲ, ರೋಗವೂ ಹಿಂದೆಗೆಯಲಿಲ್ಲ. ೧೯೭೫ರಲ್ಲಿ ಈ ವೈಫಲ್ಯವನ್ನು ಅವರು ಬಹಿರಂಗವಾಗಿ ಪ್ರಕಟಿಸಿದರು. ಮುಂದೆ ವೈರಸ್ಸಿನ ಆನುವಂಶಿಕ ದ್ರವ್ಯವನ್ನು ಪೂರ್ಣವಾಗಿ ಓದಿದಾಗ ಅದರಲ್ಲಿ ಅರ್ಜಿನೇಸ್ ಜೀನು ಇಲ್ಲವೇ ಇಲ್ಲವೆಂದು ತಿಳಿದುಬಂದಿತು.

ಈ ಪ್ರಯೋಗವನ್ನು ದುಡುಕಿನದೆಂದು ಸುಲಭವಾಗಿ ತಳ್ಳಿಹಾಕಬಹುದು. ಆದರೆ ಬೇರೆ ಉಪಾಯವಿಲ್ಲದೆ ಕ್ಷೀಣಿಸುತ್ತಿದ್ದ ಮಕ್ಕಳ ಮುಂದೆ ನಿಂತ ವೈದ್ಯರ ಸ್ಥಿತಿಯನ್ನೂ ಇತಿಹಾಸಕಾರನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅವರ ಉದ್ದೇಶ ಕೆಟ್ಟದಾಗಿರಲಿಲ್ಲ. ಅವರ ಊಹೆ ತಪ್ಪಾಗಿತ್ತು. ೧೯೭೨ರಲ್ಲಿ ಥಿಯೊಡೋರ್ ಫ್ರೀಡ್‌ಮನ್ ಮತ್ತು ರಿಚರ್ಡ್ ರಾಬ್ಲಿನ್ ಅವರು ಸೈನ್ಸ್ ಪತ್ರಿಕೆಯಲ್ಲಿ ಬರೆದ ಲೇಖನವು ಇದನ್ನೇ ಗಮನದಲ್ಲಿಟ್ಟುಕೊಂಡುದು. ಜೀನು ಚಿಕಿತ್ಸೆ ಮುಂದೆ ಉಪಯುಕ್ತವಾಗಬಹುದೆಂದು ಒಪ್ಪಿಕೊಂಡರೂ, ಜೀನು ಹೇಗೆ ನಿಯಂತ್ರಿತವಾಗುತ್ತದೆಂಬ ಜ್ಞಾನ ಸಾಲದಿರುವಾಗ ಮನುಷ್ಯರ ಮೇಲೆ ಪ್ರಯೋಗವನ್ನು ಸದ್ಯಕ್ಕೆ ನಡೆಸಕೂಡದೆಂದು ಅವರು ಸ್ಪಷ್ಟವಾಗಿ ಹೇಳಿದರು. ಸುಮಾರು ಎರಡು ದಶಕಗಳ ತರುವಾಯ, ೧೯೯೦ರ ಸೆಪ್ಟೆಂಬರಿನಲ್ಲಿ, ಅಮೆರಿಕಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಎಡಿಎ ಎಂಬ ಕಿಣ್ವದ ಕೊರತೆಯಿದ್ದ ನಾಲ್ಕು ವರ್ಷದ ಬಾಲಿಕೆಗೆ ಫ್ರೆಂಚ್ ಆಂಡರ್ಸನ್, ಮೈಕೇಲ್ ಬ್ಲೀಸ್ ಮತ್ತು ಅವರ ಸಂಗಡಿಗರು ಅನುಮತಿ ಪಡೆದ ಚಿಕಿತ್ಸೆಯನ್ನು ಆರಂಭಿಸಿದರು. ಆಕೆಯ ರಕ್ತದ ಕೋಶಗಳನ್ನು ಹೊರಗೆ ತೆಗೆದು, ಅವುಗಳಲ್ಲಿ ಸರಿಯಾದ ಜೀನನ್ನು ಸೇರಿಸಿ, ಮತ್ತೆ ದೇಹಕ್ಕೆ ಹಿಂದಿರುಗಿಸಲಾಯಿತು. ಕಿಣ್ವವನ್ನು ಔಷಧಿಯಾಗಿ ಕೊಡುವುದೂ ಮುಂದುವರಿದುದರಿಂದ ಜೀನಿನ ಪಾಲು ಎಷ್ಟೆಂದು ನಿಷ್ಕರ್ಷಿಸುವುದು ಕಷ್ಟವಾಯಿತಾದರೂ, ಈ ಘಟನೆಯಿಂದ ಹೊಸ ಯುಗವೊಂದು ಆರಂಭವಾಯಿತೆಂಬ ಉತ್ಸಾಹ ಎಲ್ಲೆಡೆಯೂ ಹಬ್ಬಿತು.

೪

ಈ ಉತ್ಸಾಹವು ಶ್ವಾಸಕೋಶದ ಕಡೆಗೆ ತಿರುಗಿದುದು ಸಹಜವೇ. ಸಿಸ್ಟಿಕ್ ಫೈಬ್ರೋಸಿಸ್ ಎಂಬುದು ಯೂರೋಪ್ ಮೂಲದ ಜನರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವ ಆನುವಂಶಿಕ ರೋಗ. ಹಣೆಗೆ ಮುತ್ತಿಟ್ಟಾಗ ಉಪ್ಪಿನ ರುಚಿ ಬರುವ ಮಗು ಬಹುಕಾಲ ಬದುಕದೆಂಬ ಹಳೆಯ ನಂಬಿಕೆ ಆ ಖಂಡದಲ್ಲಿತ್ತು. ೧೯೩೮ರಲ್ಲಿ ನ್ಯೂಯಾರ್ಕಿನ ಡೊರೊತಿ ಆಂಡರ್ಸನ್ ಅವರು ಈ ರೋಗವನ್ನು ಪ್ರತ್ಯೇಕವಾಗಿ ವರ್ಣಿಸಿದರು. ೧೯೫೩ರಲ್ಲಿ ಪಾಲ್ ಡಿ ಸಾಂಟ್ ಆನ್ಯೇಸೆ ಮತ್ತು ಅವರ ಸಂಗಡಿಗರು ಇಂಥ ಮಕ್ಕಳ ಬೆವರಿನಲ್ಲಿ ಉಪ್ಪಿನ ಅಂಶ ಮಿತಿಮೀರಿರುತ್ತದೆಂದು ತೋರಿಸಿದಾಗ ಜನರ ಹಳೆಯ ಅನುಭವಕ್ಕೆ ಶಾಸ್ತ್ರದ ಆಧಾರ ದೊರೆಯಿತು. ಈ ರೋಗದಲ್ಲಿ ಶ್ವಾಸನಾಳಗಳೊಳಗಿನ ಲೋಳೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅಲ್ಲಿ ಸೋಂಕು ನೆಲೆಯೂರಿ ಶ್ವಾಸಕೋಶವನ್ನು ಕ್ರಮೇಣ ಹಾಳುಮಾಡುತ್ತದೆ. ಮೇದೋಜೀರಕ ಗ್ರಂಥಿಯೂ ಕೆಡುವುದರಿಂದ ಆಹಾರ ಜೀರ್ಣವಾಗದೆ ಮಗು ಸೊರಗುತ್ತದೆ.

೧೯೮೯ರಲ್ಲಿ ಟೊರಾಂಟೋದ ಲ್ಯಾಪ್-ಚೀ ಟ್ಸುಯಿ ಮತ್ತು ಜ್ಯಾಕ್ ರಿಯೊರ್ಡಾನ್, ಮಿಚಿಗನ್ನಿನ ಫ್ರಾನ್ಸಿಸ್ ಕಾಲಿನ್ಸ್ ಇವರ ತಂಡಗಳು ಈ ರೋಗದ ಜೀನನ್ನು ಏಳನೆಯ ವರ್ಣತಂತುವಿನಲ್ಲಿ ಕಂಡುಹಿಡಿದುವು. ಆ ಜೀನಿನಿಂದ ಉಂಟಾಗುವ ಪ್ರೋಟೀನಿನಲ್ಲಿ ೧೪೮೦ ಅಮೈನೋ ಆಮ್ಲಗಳಿವೆ. ಕೋಶದ ಪೊರೆಯಲ್ಲಿ ಕ್ಲೋರೈಡಿಗೆ ದಾರಿಯಾಗಿ ನಿಲ್ಲುವುದು ಅದರ ಕೆಲಸ. ಬಹುಸಂಖ್ಯೆಯ ರೋಗಿಗಳಲ್ಲಿ ಅದರ ೫೦೮ನೆಯ ಸ್ಥಾನದ ಒಂದೇ ಒಂದು ಅಮೈನೋ ಆಮ್ಲ ಬಿಟ್ಟುಹೋಗಿರುತ್ತದೆ. ಮರುವರ್ಷವೇ ಪ್ರಯೋಗಶಾಲೆಯಲ್ಲಿ ಬೆಳೆಸಿದ ರೋಗಿಗಳ ಕೋಶಗಳಿಗೆ ಸರಿಯಾದ ಜೀನನ್ನು ಸೇರಿಸಿದಾಗ ಕ್ಲೋರೈಡಿನ ಸಂಚಾರ ಮೊದಲಾಯಿತು. ನಿದಾನ ಮುಗಿಯಿತು, ಇನ್ನು ಚಿಕಿತ್ಸೆ ಕೆಲವೇ ವರ್ಷಗಳ ಮಾತು ಎಂದು ಅನೇಕರು ಭಾವಿಸಿದರು. ೧೯೯೩ರಲ್ಲಿ ರೊನಾಲ್ಡ್ ಕ್ರಿಸ್ಟಲ್ ಅವರ ತಂಡವೂ ಅಯೋವಾದಲ್ಲಿ ಮೈಕೇಲ್ ವೆಲ್ಶ್ ಅವರ ತಂಡವೂ ನೆಗಡಿಯನ್ನು ತರುವ ಅಡಿನೋವೈರಸ್ಸನ್ನು ದುರ್ಬಲಗೊಳಿಸಿ, ಅದರೊಳಗೆ ಈ ಜೀನನ್ನು ಇಟ್ಟು ರೋಗಿಗಳಿಗೆ ಕೊಟ್ಟುವು. ಉಸಿರಿನ ಹಾದಿಯಲ್ಲಿ ತಾನಾಗಿಯೇ ಸೋಂಕುವ ವೈರಸ್ಸು ಆ ಹಾದಿಗೆ ಒಳ್ಳೆಯ ವಾಹಕವಾದೀತು ಎಂಬುದು ಅವರ ತರ್ಕವಾಗಿತ್ತು.

ಆ ತರ್ಕ ನಿಲ್ಲಲಿಲ್ಲ. ಕ್ರಿಸ್ಟಲ್ ಅವರ ರೋಗಿಗಳಲ್ಲೊಬ್ಬರ ಶ್ವಾಸಕೋಶದಲ್ಲಿ ಉರಿಯೂತ ಕಾಣಿಸಿಕೊಂಡು ಕೆಲಕಾಲದ ಮೇಲೆ ಶಮನವಾಯಿತು. ೧೯೯೫ರಲ್ಲಿ ಪ್ರಕಟವಾದ ಮತ್ತೊಂದು ತಂಡದ ನಿಯಂತ್ರಿತ ಪರೀಕ್ಷೆಯಲ್ಲಿ ಮೂಗಿನೊಳಪೊರೆಯ ದೋಷ ಸರಿಹೋಗಲಿಲ್ಲ. ಕಾರಣಗಳು ಕ್ರಮೇಣ ತಿಳಿದುಬಂದುವು. ಅಡಿನೋವೈರಸ್ಸು ಹಿಡಿದುಕೊಳ್ಳಬೇಕಾದ ಗ್ರಾಹಕಗಳು ಶ್ವಾಸನಾಳದ ಕೋಶಗಳ ಮೇಲ್ಮೈಯಲ್ಲಿರದೆ ಬಹುಮಟ್ಟಿಗೆ ಕೆಳಭಾಗದಲ್ಲಿ ಮರೆಯಾಗಿವೆ. ಹೊರಗಿನಿಂದ ಬಂದ ಧೂಳನ್ನೂ ಸೂಕ್ಷ್ಮಜೀವಿಗಳನ್ನೂ ಲೋಳೆಯಲ್ಲಿ ಹಿಡಿದು ಸೂಕ್ಷ್ಮರೋಮಗಳಿಂದ ಹೊರದೂಡುವುದೇ ಶ್ವಾಸನಾಳದ ಸಹಜಧರ್ಮ. ಔಷಧಿಯನ್ನು ಹೊತ್ತ ವೈರಸ್ಸಿಗೂ ಅದು ರಿಯಾಯಿತಿ ತೋರಿಸುವುದಿಲ್ಲ. ಅಲ್ಲದೆ ಮೇಲ್ಪೊರೆಯ ಕೋಶಗಳು ಕಾಲಕಾಲಕ್ಕೆ ಸತ್ತು ಹೊಸವು ಬರುವುದರಿಂದ ಚಿಕಿತ್ಸೆಯನ್ನು ಮತ್ತೆ ಮತ್ತೆ ಕೊಡಬೇಕಾಗುತ್ತದೆ. ಮತ್ತೆ ಕೊಟ್ಟರೆ ದೇಹವು ಮೊದಲ ಸಲವೇ ಸಿದ್ಧಪಡಿಸಿಕೊಂಡ ಪ್ರತಿಕಾಯಗಳು ವೈರಸ್ಸನ್ನು ನಾಶಮಾಡುತ್ತವೆ. ಹೀಗೆ ಜೀನಿನ ವಿಷಯದಲ್ಲಿ ಜ್ಞಾನ ಪೂರ್ಣವಾಗಿದ್ದರೂ ಅಂಗದ ವಿಷಯದಲ್ಲಿ ಅದು ಅಪೂರ್ಣವಾಗಿತ್ತು.

ಈ ಪರಿಸ್ಥಿತಿಯನ್ನು ಅರಿತ ಅಮೆರಿಕಾದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ನಿರ್ದೇಶಕ ಹೆರಾಲ್ಡ್ ವಾರ್ಮಸ್ ಅವರು ಸ್ಟುವರ್ಟ್ ಆರ್ಕಿನ್ ಮತ್ತು ಆರ್ನೋ ಮೊಟುಲ್ಸ್ಕಿ ಅವರ ನೇತೃತ್ವದಲ್ಲಿ ಒಂದು ಸಮಿತಿಯನ್ನು ನೇಮಿಸಿದರು. ೧೯೯೫ರ ಡಿಸೆಂಬರಿನಲ್ಲಿ ಆ ಸಮಿತಿಯು ಕೊಟ್ಟ ವರದಿ ನಿಷ್ಠುರವಾದುದು. ಯಾವ ರೋಗದಲ್ಲಿಯೂ ಚಿಕಿತ್ಸೆಯ ಫಲ ನಿಸ್ಸಂದೇಹವಾಗಿ ಸಿದ್ಧವಾಗಿಲ್ಲ, ಫಲಿತಾಂಶಗಳನ್ನು ಅತಿಯಾಗಿ ಹೊಗಳಿ ಜನರಲ್ಲಿ ತಪ್ಪು ಅಭಿಪ್ರಾಯವನ್ನು ಹುಟ್ಟಿಸಲಾಗಿದೆ, ಸಂಶೋಧಕರು ವಾಹಕಗಳ ಮತ್ತು ರೋಗಗಳ ಮೂಲಭೂತ ಅಧ್ಯಯನಕ್ಕೆ ಹಿಂದಿರುಗಬೇಕು ಎಂಬುದು ಅದರ ಸಾರಾಂಶ. ವಿದ್ವತ್ಸಮೂಹವೊಂದು ತನ್ನ ದೋಷವನ್ನು ತಾನೇ ವಿಮರ್ಶಿಸಿಕೊಂಡ ಉತ್ತಮ ನಿದರ್ಶನವೆಂದು ಈ ವರದಿಯನ್ನು ನಾವು ಪರಿಗಣಿಸುತ್ತೇವೆ. ದುರ್ದೈವದಿಂದ ಅದರ ಎಚ್ಚರಿಕೆ ಎಲ್ಲೆಡೆಯೂ ಸಾಕಷ್ಟು ಕೇಳಿಸಲಿಲ್ಲ.

೫

ಯೂರಿಯಾ ಚಕ್ರದ ಎರಡನೆಯ ಹೆಜ್ಜೆಯ ಕಿಣ್ವವನ್ನು ಸಂಕ್ಷೇಪವಾಗಿ ಓಟಿಸಿ ಎನ್ನುತ್ತಾರೆ. ಇದರ ಜೀನು ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಗಂಡುಮಕ್ಕಳಿಗೆ ಇದರ ಕೊರತೆ ಹೆಚ್ಚು ಘಾತಕ. ತೀವ್ರರೂಪದಲ್ಲಿ ಹುಟ್ಟಿದ ಕೆಲವೇ ದಿನಗಳಲ್ಲಿ ಮಗು ಪ್ರಜ್ಞೆ ತಪ್ಪುತ್ತದೆ. ಮಿತವಾದ ರೂಪದಲ್ಲಿ ಪಥ್ಯದಿಂದಲೂ, ಮಾರ್ಕ್ ಬ್ಯಾಟ್‌ಷಾ ಮತ್ತು ಸಾಲ್ ಬ್ರುಸಿಲೋ ಅವರು ರೂಪಿಸಿದ ಔಷಧಿಗಳಿಂದಲೂ ಬದುಕು ಸಾಗಿಸಬಹುದು. ತೊಂಬತ್ತರ ದಶಕದಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಜೇಮ್ಸ್ ವಿಲ್ಸನ್, ಬ್ಯಾಟ್‌ಷಾ ಮತ್ತು ಸ್ಟೀವನ್ ರೇಪರ್ ಅವರು ಅಡಿನೋವೈರಸ್ಸಿನ ಮೂಲಕ ಈ ಜೀನನ್ನು ಯಕೃತ್ತಿಗೆ ಕಳುಹಿಸುವ ಪರೀಕ್ಷೆಯನ್ನು ಕೈಗೊಂಡರು. ಮೊದಲು ಯಾರ ಮೇಲೆ ಪ್ರಯೋಗ ನಡೆಸಬೇಕೆಂಬುದು ಕಠಿನ ಪ್ರಶ್ನೆಯಾಯಿತು. ಸಾಯುತ್ತಿರುವ ಶಿಶುವಿನ ತಂದೆತಾಯಿಗಳು ಸ್ವತಂತ್ರವಾದ ಮನಸ್ಸಿನಿಂದ ಒಪ್ಪಿಗೆ ಕೊಡಲಾರರು ಎಂಬ ನೀತಿಶಾಸ್ತ್ರಜ್ಞರ ಅಭಿಪ್ರಾಯವನ್ನು ಅನುಸರಿಸಿ, ರೋಗ ಮಿತವಾಗಿರುವ ವಯಸ್ಕರನ್ನೇ ಆರಿಸಿಕೊಳ್ಳಲು ನಿಶ್ಚಯಿಸಿದರು. ಅವರಿಗೆ ಈ ಪ್ರಯೋಗದಿಂದ ಸ್ವಂತ ಲಾಭವೇನೂ ನಿರೀಕ್ಷಿತವಾಗಿರಲಿಲ್ಲ.

ಅರಿಜೋನಾದ ಜೆಸ್ಸಿ ಗೆಲ್ಸಿಂಗರ್ ಎಂಬ ಹದಿನೆಂಟು ವರ್ಷದ ಯುವಕನು ಆ ಪರೀಕ್ಷೆಯ ಹದಿನೆಂಟನೆಯ ಸ್ವಯಂಸೇವಕ. ಮುಂದೆ ಹುಟ್ಟುವ ಶಿಶುಗಳಿಗೆ ಉಪಕಾರವಾಗಲೆಂದು ಅವನು ಮುಂದೆ ಬಂದಿದ್ದನು. ೧೯೯೯ರ ಸೆಪ್ಟೆಂಬರ್ ೧೩ರಂದು ಅವನ ಯಕೃತ್ತಿನ ಧಮನಿಗೆ ಪರೀಕ್ಷೆಯ ಅತ್ಯಧಿಕ ಪ್ರಮಾಣದ ವೈರಸ್ಸನ್ನು ಹರಿಸಿದರು. ದೇಹದ ರಕ್ಷಣಾಶಕ್ತಿಯು ಉಗ್ರವಾಗಿ ಕೆರಳಿ, ಅಂಗಾಂಗಗಳು ಒಂದೊಂದಾಗಿ ಕೆಲಸ ನಿಲ್ಲಿಸಿ, ೧೭ರಂದು ಅವನು ಮೃತನಾದನು. ತರುವಾಯ ನಡೆದ ತನಿಖೆಯಲ್ಲಿ ಅನೇಕ ಲೋಪಗಳು ಹೊರಬಿದ್ದುವು. ಅವನ ರಕ್ತದಲ್ಲಿದ್ದ ಅಮೋನಿಯಾದ ಪ್ರಮಾಣ ನಿಯಮದ ಮಿತಿಗಿಂತ ಹೆಚ್ಚಾಗಿತ್ತು. ಇಂಥದೇ ವಾಹಕದ ಹಿಂದಿನ ರೂಪವನ್ನು ಹೆಚ್ಚು ಪ್ರಮಾಣದಲ್ಲಿ ಪಡೆದ ಕೋತಿಗಳು ಸತ್ತಿದ್ದ ಸಂಗತಿ ಅವನು ಸಹಿಮಾಡಿದ ಒಪ್ಪಿಗೆಪತ್ರದಲ್ಲಿರಲಿಲ್ಲ. ವಿಲ್ಸನ್ ಅವರಿಗೆ ಈ ಸಂಶೋಧನೆಯೊಡನೆ ಸಂಬಂಧವಿದ್ದ ಕಂಪನಿಯೊಂದರಲ್ಲಿ ಆರ್ಥಿಕ ಹಿತಾಸಕ್ತಿಯಿತ್ತು. ೨೦೦೦ದ ಜನವರಿಯಲ್ಲಿ ಅಮೆರಿಕಾದ ಔಷಧ ನಿಯಂತ್ರಣಾಧಿಕಾರಿಗಳು ಆ ಸಂಸ್ಥೆಯ ಜೀನು ಪರೀಕ್ಷೆಗಳನ್ನು ನಿಲ್ಲಿಸಿದರು. ೨೦೦೫ರಲ್ಲಿ ಸರಕಾರದೊಡನೆ ರಾಜಿಯಾಯಿತು. ತಪ್ಪನ್ನು ಮಾತ್ರ ಯಾರೂ ಒಪ್ಪಿಕೊಳ್ಳಲಿಲ್ಲ.

ಇಲ್ಲಿ ನಾವು ಒಂದು ವಿಷಯವನ್ನು ವಿವೇಚಿಸಬೇಕಾಗಿದೆ. ಅಪಾಯವಿಲ್ಲದೆ ವೈದ್ಯವಿದ್ಯೆ ಬೆಳೆಯದೆಂಬುದು ನಿಜ. ಜರ್ಮನಿಯ ಬಾಲಿಕೆಯರ ಪ್ರಯೋಗವೂ ಅಪಾಯಕರವೇ ಆಗಿತ್ತು. ಆದರೆ ಅಲ್ಲಿ ವೈದ್ಯರಿಗೆ ತಿಳಿಯದಿದ್ದುದು ರೋಗಿಗಳಿಗೂ ತಿಳಿದಿರಲಿಲ್ಲ. ಇಲ್ಲಿ ಸಂಶೋಧಕರಿಗೆ ತಿಳಿದಿದ್ದುದೆಲ್ಲ ಸ್ವಯಂಸೇವಕನಿಗೆ ತಿಳಿದಿರಲಿಲ್ಲ. ಮೊದಲನೆಯದು ಅಜ್ಞಾನದ ಫಲ; ಎರಡನೆಯದರಲ್ಲಿ ಅಜ್ಞಾನದೊಡನೆ ಮೌನವೂ ಸೇರಿತ್ತು. ಅಜ್ಞಾನವನ್ನು ಕಾಲ ಕಳೆದಂತೆ ಸಂಶೋಧನೆ ತುಂಬಿಕೊಡಬಲ್ಲದು. ಮೌನದಿಂದ ಕಳೆದುಹೋದ ವಿಶ್ವಾಸವನ್ನು ತುಂಬಿಕೊಡುವುದು ಸುಲಭವಲ್ಲ. ಈ ಮರಣದ ತರುವಾಯ ಸ್ವಯಂಸೇವಕರ ಒಪ್ಪಿಗೆ, ಸಂಶೋಧಕರ ಹಿತಾಸಕ್ತಿ, ದುಷ್ಪರಿಣಾಮಗಳ ವರದಿ ಮೊದಲಾದವುಗಳ ಬಗ್ಗೆ ನಿಯಮಗಳು ಬಿಗಿಯಾದುವು.

೬

ಮುಂದಿನ ವರ್ಷಗಳಲ್ಲಿ ಸಂಶೋಧಕರ ಗಮನ ಇನ್ನೊಂದು ವಾಹಕದ ಕಡೆಗೆ ಹೊರಳಿತು. ೧೯೬೫ರಲ್ಲಿ ಅಡಿನೋವೈರಸ್ಸಿನ ಜೊತೆಗಾರನಾಗಿ ಕಾಣಿಸಿಕೊಂಡ ಅತಿ ಸಣ್ಣ ವೈರಸ್ಸೊಂದು ಮನುಷ್ಯರಲ್ಲಿ ತಿಳಿದಮಟ್ಟಿಗೆ ಯಾವ ರೋಗವನ್ನೂ ಉಂಟುಮಾಡುವುದಿಲ್ಲ. ಎಎವಿ ಎಂದು ಕರೆಯಲ್ಪಡುವ ಈ ವೈರಸ್ಸನ್ನು ಬಳಸಿ ಟೆರೆನ್ಸ್ ಫ್ಲಾಟ್ ಮೊದಲಾದವರು ಇನ್ನೊಂದು ಶ್ವಾಸಕೋಶ ರೋಗಕ್ಕೆ ಚಿಕಿತ್ಸೆಯನ್ನು ಹುಡುಕಿದರು. ಆಲ್ಫಾ-೧ ಆಂಟಿಟ್ರಿಪ್ಸಿನ್ ಎಂಬ ಪ್ರೋಟೀನು ಯಕೃತ್ತಿನಲ್ಲಿ ಹುಟ್ಟಿ, ರಕ್ತದ ಮೂಲಕ ಶ್ವಾಸಕೋಶಕ್ಕೆ ಹೋಗಿ, ಅಲ್ಲಿನ ಅಂಗಾಂಶವನ್ನು ಬಿಳಿಯ ರಕ್ತಕೋಶಗಳ ಕಿಣ್ವದಿಂದ ರಕ್ಷಿಸುತ್ತದೆ. ಇದರ ಕೊರತೆಯಿರುವವರಿಗೆ ಚಿಕ್ಕ ವಯಸ್ಸಿನಲ್ಲಿಯೇ ಶ್ವಾಸಕೋಶ ಶಿಥಿಲವಾಗುತ್ತದೆಂದು ೧೯೬೩ರಲ್ಲಿ ಸ್ವೀಡನ್ನಿನ ಲಾರೆಲ್ ಮತ್ತು ಎರಿಕ್ಸನ್ ತೋರಿಸಿದ್ದರು. ಎಎವಿಯ ಮೂಲಕ ಜೀನನ್ನು ಸ್ನಾಯುವಿಗೆ ಚುಚ್ಚಿದಾಗ ಪ್ರೋಟೀನು ವರ್ಷಗಟ್ಟಲೆ ಉತ್ಪತ್ತಿಯಾಯಿತು. ಆದರೆ ಅದರ ಪ್ರಮಾಣ ರಕ್ಷಣೆಗೆ ಬೇಕಾದ ಮಟ್ಟವನ್ನು ಮುಟ್ಟಲಿಲ್ಲ.

ಚಯಾಪಚಯದ ರೋಗಗಳಲ್ಲಿ ಎಎವಿ ಒಂದು ಮೈಲಿಗಲ್ಲನ್ನು ಮುಟ್ಟಿತು. ರಕ್ತದ ಕೊಬ್ಬನ್ನು ಒಡೆಯುವ ಲೈಪೊಪ್ರೋಟೀನ್ ಲೈಪೇಸ್ ಎಂಬ ಕಿಣ್ವದ ಕೊರತೆಗಾಗಿ ಸಿದ್ಧಪಡಿಸಿದ ಗ್ಲೈಬೆರಾ ಎಂಬ ಔಷಧಿಗೆ ೨೦೧೨ರ ನವೆಂಬರಿನಲ್ಲಿ ಯೂರೋಪಿಯನ್ ಆಯೋಗವು ಮಾನ್ಯತೆ ನೀಡಿತು. ಪಾಶ್ಚಾತ್ಯ ದೇಶಗಳಲ್ಲಿ ಮಾರಾಟಕ್ಕೆ ಅನುಮತಿ ಪಡೆದ ಮೊದಲ ಜೀನು ಔಷಧಿ ಇದೇ. ಇದರ ಬೆಲೆ ಒಬ್ಬ ರೋಗಿಗೆ ಸುಮಾರು ಹತ್ತು ಲಕ್ಷ ಯೂರೋ. ಮಾರುಕಟ್ಟೆಯಲ್ಲಿದ್ದ ಐದು ವರ್ಷಗಳಲ್ಲಿ ಹಣ ತೆತ್ತು ಅದನ್ನು ಪಡೆದ ರೋಗಿ ಜರ್ಮನಿಯ ಒಬ್ಬರೇ. ೨೦೧೭ರಲ್ಲಿ ಅನುಮತಿಯ ಅವಧಿ ಮುಗಿದಾಗ ತಯಾರಕರು ಅದನ್ನು ಮುಂದುವರಿಸಲಿಲ್ಲ. ವಾಹಕ ದೊರೆತಮೇಲೂ ಚಿಕಿತ್ಸೆ ರೋಗಿಯನ್ನು ಮುಟ್ಟುವುದಕ್ಕೆ ಇನ್ನೊಂದು ಅಡ್ಡಿಯಿದೆಯೆಂದು ಇದರಿಂದ ವ್ಯಕ್ತವಾಯಿತು.

ಸಿಸ್ಟಿಕ್ ಫೈಬ್ರೋಸಿಸ್ ಸಂಶೋಧಕರು ಇತ್ತ ಕೈಕಟ್ಟಿ ಕುಳಿತಿರಲಿಲ್ಲ. ವೈರಸ್ಸನ್ನೇ ತೊರೆದು, ಜೀನನ್ನು ಕೊಬ್ಬಿನ ಕಣಗಳಲ್ಲಿ ಸುತ್ತಿ ಉಸಿರಿನ ಮೂಲಕ ಕೊಡುವ ವಿಧಾನವನ್ನು ಬ್ರಿಟನ್ನಿನ ಎರಿಕ್ ಆಲ್ಟನ್ ಮತ್ತು ಅವರ ಸಹೋದ್ಯೋಗಿಗಳು ವರ್ಷಗಳ ಕಾಲ ಪರಿಷ್ಕರಿಸಿದರು. ೨೦೧೫ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ ತಿಂಗಳಿಗೊಮ್ಮೆಯಂತೆ ಒಂದು ವರ್ಷ ಚಿಕಿತ್ಸೆ ಪಡೆದವರ ಉಸಿರಾಟದ ಶಕ್ತಿಯು ಹುಸಿ ಔಷಧಿ ಪಡೆದವರಿಗಿಂತ ಶೇಕಡಾ ೩.೭ರಷ್ಟು ಉತ್ತಮವಾಗಿತ್ತು. ಲಾಭ ಅಲ್ಪವಾದರೂ ಅದು ನಿಜವಾದ ಲಾಭ. ಅಷ್ಟರಲ್ಲಿ ಪರಿಹಾರ ಬೇರೊಂದು ದಿಕ್ಕಿನಿಂದ ಬಂದಿತ್ತು. ಕೆಟ್ಟ ಪ್ರೋಟೀನನ್ನೇ ಸರಿಯಾಗಿ ಕೆಲಸಮಾಡುವಂತೆ ತಿದ್ದುವ ಸಣ್ಣ ಔಷಧಾಣುಗಳಲ್ಲಿ ಮೊದಲನೆಯದು ೨೦೧೨ರಲ್ಲಿಯೂ, ಮೂರು ಔಷಧಿಗಳ ಸಂಯೋಗ ೨೦೧೯ರಲ್ಲಿಯೂ ಅಮೆರಿಕಾದಲ್ಲಿ ಮಾನ್ಯತೆ ಪಡೆದು ಬಹುಪಾಲು ರೋಗಿಗಳ ಬದುಕನ್ನು ಬದಲಾಯಿಸಿದುವು. ಜೀನಿನ ಶೋಧವು ಫಲಕೊಟ್ಟಿತು. ಆದರೆ ೧೯೮೯ರಲ್ಲಿ ನಿರೀಕ್ಷಿಸಿದ ರೀತಿಯಲ್ಲಿ ಅಲ್ಲ. ತಿದ್ದುವುದಕ್ಕೆ ಪ್ರೋಟೀನೇ ಇಲ್ಲದ ಸುಮಾರು ಹತ್ತನೆಯ ಒಂದು ಭಾಗ ರೋಗಿಗಳಿಗೆ ಈ ಗುಳಿಗೆಗಳು ಉಪಯೋಗವಿಲ್ಲ. ಜೀನು ಚಿಕಿತ್ಸೆಯ ಅಗತ್ಯ ಇಂದಿಗೂ ಉಳಿದಿರುವುದು ಮುಖ್ಯವಾಗಿ ಅವರಿಗಾಗಿಯೇ.

೭

ಯೂರಿಯಾ ಚಕ್ರದ ಮೊದಲ ಹೆಜ್ಜೆಯ ಕಿಣ್ವದ ಹೆಸರು ಸಂಕ್ಷೇಪವಾಗಿ ಸಿಪಿಎಸ್-೧. ೨೦೨೪ರಲ್ಲಿ ಈ ಕಿಣ್ವದ ತೀವ್ರ ಕೊರತೆಯೊಡನೆ ಜನಿಸಿದ ಗಂಡುಮಗುವೊಂದು ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುತ್ತಿತ್ತು. ಗೆಲ್ಸಿಂಗರ್ ಮೃತನಾದುದೂ ಅದೇ ನಗರದಲ್ಲಿ ಎಂಬುದನ್ನು ವಾಚಕರು ನೆನೆಯಬಹುದು. ಆ ಆಸ್ಪತ್ರೆಯ ರೆಬೆಕಾ ಆರೆನ್ಸ್-ನಿಕ್ಲಾಸ್ ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಕಿರಣ್ ಮುಸುನೂರು ಅವರು ಹೊಸ ಜೀನನ್ನು ಸೇರಿಸುವ ಬದಲು ಮಗುವಿನ ಜೀನಿನಲ್ಲಿದ್ದ ಒಂದೇ ಅಕ್ಷರದ ತಪ್ಪನ್ನು ಅದಿದ್ದ ಸ್ಥಳದಲ್ಲಿಯೇ ತಿದ್ದಲು ನಿಶ್ಚಯಿಸಿದರು. ೨೦೧೨ರಲ್ಲಿ ಡೌಡ್ನಾ ಮತ್ತು ಶಾರ್ಪೆಂಟಿಯೇ ಅವರು ತೋರಿಸಿಕೊಟ್ಟ ಕ್ರಿಸ್ಪರ್ ವಿಧಾನವನ್ನೂ, ೨೦೧೬ರಲ್ಲಿ ಡೇವಿಡ್ ಲಿಯು ಅವರ ಪ್ರಯೋಗಶಾಲೆ ಅದರಿಂದ ಬೆಳೆಸಿದ ಅಕ್ಷರ ತಿದ್ದುವ ಸಾಧನವನ್ನೂ ಅವರು ಆಶ್ರಯಿಸಿದರು. ಆ ಒಂದು ಮಗುವಿಗೆಂದೇ ರೂಪಿಸಿದ ಔಷಧಿ ಸುಮಾರು ಆರು ತಿಂಗಳಲ್ಲಿ ಸಿದ್ಧವಾಯಿತು. ೨೦೨೫ರ ಫೆಬ್ರವರಿಯಲ್ಲಿ ಮೊದಲ ಸಲವೂ, ಮುಂದಿನ ತಿಂಗಳುಗಳಲ್ಲಿ ಇನ್ನೆರಡು ಸಲವೂ ಅದನ್ನು ಕೊಡಲಾಯಿತು. ಮಗು ಮೊದಲಿಗಿಂತ ಹೆಚ್ಚು ಪ್ರೋಟೀನನ್ನು ತಾಳಿಕೊಂಡಿತು. ಅಮೋನಿಯಾವನ್ನು ಇಳಿಸುವ ಔಷಧಿಯೂ ಕಡಮೆ ಸಾಕಾಯಿತು. ಇದನ್ನು ಪೂರ್ಣ ಗುಣವೆಂದು ವೈದ್ಯರು ಹೇಳಿಕೊಳ್ಳಲಿಲ್ಲ. ಮೂವತ್ತು ವರ್ಷಗಳ ಹಿಂದಿನ ಉತ್ಸಾಹದ ಮಾತುಗಳೊಡನೆ ಹೋಲಿಸಿದಾಗ ಈ ಸಂಯಮವೇ ಒಂದು ಪ್ರಗತಿಯೆನ್ನಬಹುದು.

ಇಲ್ಲಿಯ ವಾಹಕ ವೈರಸ್ಸಲ್ಲ. ಕೊಬ್ಬಿನ ಅತಿಸೂಕ್ಷ್ಮ ಕಣ. ರಕ್ತದಲ್ಲಿ ಸೇರಿದ ಇಂಥ ಕಣಗಳನ್ನು ಯಕೃತ್ತು ತಾನಾಗಿಯೇ ಎಳೆದುಕೊಳ್ಳುತ್ತದೆ. ವೈರಸ್ಸಿನ ವಿರುದ್ಧ ಹುಟ್ಟುವಂಥ ಪ್ರತಿಕಾಯಗಳ ಅಡ್ಡಿ ಇಲ್ಲದುದರಿಂದ ಮತ್ತೆ ಮತ್ತೆ ಕೊಡುವುದೂ ಸಾಧ್ಯ. ಆಂಟಿಟ್ರಿಪ್ಸಿನ್ ಕೊರತೆಯಲ್ಲಿಯೂ ಯಕೃತ್ತಿನ ಜೀನನ್ನು ಇದೇ ರೀತಿ ತಿದ್ದಿದ ಪ್ರಯೋಗದ ಆರಂಭಿಕ ಫಲಿತಾಂಶಗಳು ೨೦೨೫ರಲ್ಲಿ ಹೊರಬಂದುವು. ಶ್ವಾಸಕೋಶದ ರೋಗವನ್ನು ಯಕೃತ್ತಿನಲ್ಲಿ ತಡೆಯುವ ಮಾರ್ಗವಿದು. ಸಿಸ್ಟಿಕ್ ಫೈಬ್ರೋಸಿಸ್ಸಿಗೆ ಆ ಅನುಕೂಲವಿಲ್ಲ. ಅದರ ದೋಷ ಶ್ವಾಸನಾಳದ ಕೋಶಗಳಲ್ಲಿಯೇ ಇದೆ. ಯಕೃತ್ತು ಅತಿಥಿಯನ್ನು ಬರಮಾಡಿಕೊಳ್ಳುವ ಮನೆ. ಶ್ವಾಸನಾಳವು ಅಪರಿಚಿತನನ್ನು ಬಾಗಿಲಲ್ಲೇ ತಡೆಯುವ ಕಾವಲು ಎಂದರೆ ವಿದ್ಯಾರ್ಥಿಗಳಿಗೆ ಈ ವ್ಯತ್ಯಾಸ ಸುಲಭವಾಗಿ ಮನದಟ್ಟಾದೀತು.

೮

ಈ ಇತಿಹಾಸ ಬಹುಮಟ್ಟಿಗೆ ಯೂರೋಪು ಅಮೆರಿಕಾಗಳದು. ಆದರೂ ನಮ್ಮ ನಾಡಿಗೆ ಇದು ಪರಕೀಯವಲ್ಲ. ಗ್ಯಾರಡ್ ಅವರು ಗಮನಿಸಿದ ರಕ್ತಸಂಬಂಧದ ವಿವಾಹವು ನಮ್ಮಲ್ಲಿ ಸೋದರಮಾವ-ಸೋದರಸೊಸೆ, ಅತ್ತೆಯ ಮಗ-ಮಾವನ ಮಗಳು ಎಂಬ ರೂಪಗಳಲ್ಲಿ ಪರಂಪರೆಯಿಂದ ನಡೆದುಬಂದಿದೆ. ಎಂಬತ್ತರ ದಶಕದಲ್ಲಿ ಎನ್. ಅಪ್ಪಾಜಿ ರಾವ್, ಎ. ರಾಧಾರಮಾ ದೇವಿ ಮೊದಲಾದವರು ಕರ್ನಾಟಕದ ಸಾವಿರಾರು ನವಜಾತ ಶಿಶುಗಳ ರಕ್ತವನ್ನು ಅಮೈನೋ ಆಮ್ಲಗಳ ದೋಷಕ್ಕಾಗಿ ಪರೀಕ್ಷಿಸಿ, ಇಂಥ ವಿವಾಹಗಳಿಗೂ ಆನುವಂಶಿಕ ರೋಗಗಳಿಗೂ ಇರುವ ಸಂಬಂಧವನ್ನು ಅಧ್ಯಯನ ಮಾಡಿದರು. ೨೦೨೧ರಲ್ಲಿ ಭಾರತ ಸರಕಾರವು ವಿರಳ ರೋಗಗಳ ರಾಷ್ಟ್ರೀಯ ನೀತಿಯನ್ನು ಪ್ರಕಟಿಸಿತು. ೨೦೨೨ರಲ್ಲಿ ಒಬ್ಬ ರೋಗಿಗೆ ಕೊಡಬಹುದಾದ ನೆರವಿನ ಮಿತಿಯನ್ನು ೫೦ ಲಕ್ಷ ರೂಪಾಯಿಗೆ ಏರಿಸಲಾಯಿತು. ಗ್ಲೈಬೆರಾದ ಬೆಲೆಯೊಡನೆ ಈ ಮೊತ್ತವನ್ನು ಹೋಲಿಸಿದರೆ ನಡುವಿನ ಅಂತರ ತಾನಾಗಿಯೇ ಕಾಣುತ್ತದೆ. ಅಷ್ಟರಮಟ್ಟಿಗೆ ನವಜಾತ ಶಿಶುವಿನ ಪರೀಕ್ಷೆ, ಪಥ್ಯ, ಆನುವಂಶಿಕ ಸಲಹೆ ಇವುಗಳಿಗೆ ನಮ್ಮಲ್ಲಿ ಮೊದಲ ಸ್ಥಾನ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ. ಹಿಮ್ಮಡಿಯ ಕೆಲವು ಹನಿ ರಕ್ತದಿಂದ ದೊರೆಯುವ ಲಾಭವು ಕೋಟಿ ಬೆಲೆಯ ಔಷಧಿಗೆ ಕಾಯುವುದಿಲ್ಲ. ರೋಗವನ್ನು ಕಾಲದಲ್ಲಿ ಗುರುತಿಸದಿದ್ದರೆ ಆ ಔಷಧಿ ಕೈಗೆಟುಕಿದ ದಿನವೂ ಮಗುವಿಗೆ ಉಪಯೋಗವಾಗದು.

ಒಟ್ಟಿನಲ್ಲಿ ಹೇಳುವುದಾದರೆ, ಗ್ಯಾರಡ್ ಅವರ ಲೇಖನದಿಂದ ಫಿಲಡೆಲ್ಫಿಯಾದ ಮಗುವಿನವರೆಗೆ ನೂರ ಇಪ್ಪತ್ತಮೂರು ವರ್ಷಗಳು ಕಳೆದಿವೆ. ನಿದಾನವು ಚಿಕಿತ್ಸೆಗೆ ದಾರಿ ತೋರಿಸಿತು ನಿಜ. ಆದರೆ ಆ ದಾರಿಯನ್ನು ಕ್ರಮಿಸಲು ವಾಹಕದ ಜ್ಞಾನವೂ, ಅಂಗದ ಸ್ವಭಾವದ ಅರಿವೂ, ರೋಗಿಯೊಡನೆ ಸತ್ಯವನ್ನು ಹಂಚಿಕೊಳ್ಳುವ ಧೈರ್ಯವೂ ಬೇಕಾದುವು. ಶೋಪ್ ವೈರಸ್ಸನ್ನು ಚುಚ್ಚಿಸಿಕೊಂಡ ಬಾಲಿಕೆಯರಿಗೂ, ಪರರಿಗಾಗಿ ತನ್ನ ದೇಹವನ್ನು ಒಪ್ಪಿಸಿದ ಗೆಲ್ಸಿಂಗರನಿಗೂ ಈ ವಿದ್ಯೆಯಿಂದ ಪ್ರಯೋಜನವಾಗಲಿಲ್ಲ. ಅವರು ಶಾಸ್ತ್ರಕ್ಕೆ ಕೊಟ್ಟುದು ಹೆಚ್ಚು, ಪಡೆದುದು ಏನೂ ಇಲ್ಲ. ಈ ವಿಷಯವನ್ನು ಬೋಧಿಸುವ ಅಧ್ಯಾಪಕರು ವಿಜ್ಞಾನಿಗಳ ಹೆಸರುಗಳ ಜೊತೆಗೆ ಈ ಋಣವನ್ನೂ ತಮ್ಮ ವಿದ್ಯಾರ್ಥಿಗಳಿಗೆ ನೆನಪಿಸಬೇಕೆಂದು ನಾವು ಆಶಿಸುತ್ತೇವೆ.